ತುಪ್ಪದ ಗಡೀಪಾರು

ನರಹರಿರಾಯರ ಅಡುಗೆಮನೆಯಿಂದ ತುಪ್ಪದ ಭರಣಿಯನ್ನು ನಿನ್ನೆ ಬೆಳಿಗ್ಗೆ ಅಟ್ಟಕ್ಕೆ ಗಡೀಪಾರು ಮಾಡಲಾಗಿದೆ. ರಾಯರ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆಯೆಂದು ವರದಿ ಬಂದಿತ್ತು.

ಮೊದಲು ಅತ್ತದ್ದು ಬುಟ್ಟಿಯಲ್ಲಿದ್ದ ಕ್ಯಾರೆಟ್. "ತುಪ್ಪಣ್ಣ, ರಾಯರ ಕಣ್ಣಿಗೆಂದು ನಾನು ತಂದಿರುವ ಸತ್ವ ಜಿಡ್ಡಿನ ಹೆಗಲೇರದೆ ಹೊಟ್ಟೆ ದಾಟುವುದಿಲ್ಲ. ನೀನೇ ಹೋದರೆ ಹೇಗೆ?"

"ನನ್ನನ್ನೇನು ಕೇಳುತ್ತೀ? ಚಮಚವನ್ನು ಕೇಳು," ಎಂದಿತು ತುಪ್ಪ.

ಚಮಚ ತಲೆ ತಗ್ಗಿಸಿತು. "ರಾಯರು ಸಾಕು ಎಂದಾಗಲೆಲ್ಲ ಅವರ ಹೆಂಡತಿ ಪದ್ದಕ್ಕ ನನ್ನನ್ನು ಇನ್ನೊಮ್ಮೆ ಬಗ್ಗಿಸುತ್ತಿದ್ದರು. ಮೂವತ್ತು ವರ್ಷ ಅದನ್ನು ಪ್ರೀತಿ ಎಂದುಕೊಂಡಿದ್ದೆ."

"ಪ್ರೀತಿಯೇ ಕಣಪ್ಪ. ಅದೀಗ ರಾಯರ ರಕ್ತನಾಳದಲ್ಲಿ ಕೂತಿದೆ," ಎಂದಿತು ತುಪ್ಪ.

ಇಂದು ಮಧ್ಯಾಹ್ನ ವೈದ್ಯರು ದಿನಕ್ಕೆ ಒಂದೇ ಚಮಚಕ್ಕೆ ಒಪ್ಪಿಗೆ ಕೊಟ್ಟರು. ಭರಣಿ ಕೆಳಗಿಳಿಯಿತು. ಕ್ಯಾರೆಟ್ ಪಲ್ಯ ಕಲಸಿದ ಅನ್ನದ ಮೇಲೆ ಪದ್ದಕ್ಕ ಒಂದು ಚಮಚ ಬಡಿಸಿದರು.

"ಸಾಕು ಕಣೇ," ಎಂದರು ರಾಯರು.

"ಇರಲಿ ಬಿಡಿ, ಎಷ್ಟು ಸೊರಗಿದ್ದೀರಿ!" ಪದ್ದಕ್ಕನ ಕೈ ಮತ್ತೆ ಭರಣಿಯತ್ತ ಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಚಮಚ ಕೈಯಿಂದ ಜಾರಿಕೊಂಡು ಒಲೆಯ ಹಿಂದೆ ಬಿತ್ತು.

ಪದ್ದಕ್ಕ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ರಾಯರ ಊಟ ಮುಗಿದಿತ್ತು. ಭರಣಿ ಈಗ ಕೆಳಗಿನ ಗೂಡಿನಲ್ಲಿದೆ.