ಗೋಡೆಯ ಅಂಟು, ಒಡೆಯನ ಹಲ್ಲು

ಹನ್ನೆರಡು ಎತ್ತು, ಅವುಗಳ ಬೆನ್ನ ಮೇಲೆ ಹನ್ನೆರಡು ಹೇರು ಉಪ್ಪು. ಇಷ್ಟೂ ಮಾಲು ಒಬ್ಬನ ಒಂದು ಹಲ್ಲಿನಿಂದಾಗಿ ನಿಂತುಬಿಟ್ಟಿತ್ತಂತೆ.

ಗೂಳಿದುರ್ಗ ಅಂತ ಒಂದು ಊರು, ಅಲ್ಲಿಗೊಬ್ಬ ಪಾಳೇಗಾರ. ಅವನ ಮುದ್ರೆ ಬೀಳದೆ ಯಾವ ಹೇರೂ ಸುಂಕದ ಕಟ್ಟೆ ದಾಟುವ ಹಾಗಿರಲಿಲ್ಲ. ಅವನ ದವಡೆಹಲ್ಲು ತೂತು ಬಿದ್ದು, ನೋವಿಗೆ ಏಳು ದಿನದಿಂದ ಅವನು ಮುದ್ರೆ ಮುಟ್ಟಿರಲಿಲ್ಲ. ಕೀಳಿಸೋಣವೆಂದರೆ ಆ ಮನೆತನದ ಕಟ್ಟಳೆ ಬೇರೆ: ಹಲ್ಲು ಕೀಳಿಸಿಕೊಂಡ ಒಡೆಯ ಗದ್ದುಗೆಯಲ್ಲಿ ಕೂರುವಂತಿಲ್ಲ.

ಆ ಹೇರುಗಳ ವ್ಯಾಪಾರಿ ಉಪ್ಪಿನ ಕೊಟ್ರಪ್ಪ ಕಟ್ಟೆಯ ಚಾವಡಿಯಲ್ಲಿ ಕೂತು ಮುಗಿಲು ನೋಡುತ್ತಿದ್ದ. ಪಡುವಣಕ್ಕೆ ಮೋಡ ಕಟ್ಟಿತ್ತು. ಒಂದು ಮಳೆ ಬಿದ್ದರೆ ಹೇರೆಲ್ಲ ನೀರು.

ಅಲ್ಲೇ ಚಾವಡಿ ಗುಡಿಸುವ ಸಂಕವ್ವ ಮೊಮ್ಮಗಳ ಕೆಮ್ಮಿಗೆಂದು ಗೋಡೆಯ ಸಂದಿ ಬಿಡಿಸಿ ನಸರಿ ಎಂಬ ಸಣ್ಣ ಹುಳದ ಜೇನು ತೆಗೆಯುತ್ತಿದ್ದಳು. ಜೇನಿನ ಜೊತೆ ಕರಿ ಅಂಟಿನ ಉಂಡೆಯೊಂದು ಬಂತು. ಒಡೆದರೆ ಒಳಗೆ ಸತ್ತ ಇಲಿಮರಿ.

"ಇದು ಯಾವಾಗಿಂದು ಬೇ?" ಕೊಟ್ರಪ್ಪ ಕೇಳಿದ.

"ಹ್ವಾದ ಯುಗಾದಿಗೆ ಹೊಕ್ಕಿತ್ತಪ್ಪ, ನಾನೇ ಕಂಡೀನಿ. ಜೇನುಹುಳ ಕೊಂದವು. ಹೊರಗ ಎಳಿಯಾಕ ಆಗಲಿಲ್ಲ, ಮರದ ಅಂಟು ತಂದು ಮೆತ್ತಿಬಿಟ್ಟವು."

ಕೊಟ್ರಪ್ಪ ಮೂಸಿ ನೋಡಿದ. ನಾತವಿಲ್ಲ. ವರ್ಷದ ಹೆಣವನ್ನೇ ಕೊಳೆಯಲು ಬಿಡದ ಅಂಟು, ಒಂದು ಹಲ್ಲನ್ನು ಬಿಟ್ಟೀತೇ?

ಮಾರುವ ಮುಂಚೆ ಮಾಲು ನೋಡಬೇಕು. ಅವನಿಗೂ ಒಂದು ವಸಡು ಬಾತಿತ್ತು; ಗೂಡಿನ ಬಾಯಿಂದ ಚಿಟಿಕೆ ಅಂಟು ತೆಗೆದು ಅದಕ್ಕೇ ಮೆತ್ತಿಕೊಂಡ. ಚುರ್ರೆಂದಿತು, ಆಮೇಲೆ ನಾಲಿಗೆ ಜೋಮು ಹಿಡಿಯಿತು. ಮರುದಿನಕ್ಕೆ ಬಾವು ಇಳಿದಿತ್ತಂತೆ.

"ಅಂಟಿಗೆ ಏನು ಕೊಡಲಿ ಬೇ? ಉಪ್ಪು?"

"ಉಪ್ಪು ಯಾಕ. ಸುಂಕದವ ಈ ಗ್ವಾಡಿ ಕೆಡವತಾನಂತ. ಅದನ್ನ ನಿಲ್ಲಸು."

ಕೊಟ್ರಪ್ಪ ಅಂಟು ಹಿಡಿದು ಅರಮನೆಗೆ ಹೋದ. ಅಲ್ಲಿಯ ವೈದ್ಯ ನಕ್ಕ. "ಒಡೆಯರ ಬಾಯಿಗೆ ಗೋಡೆಯ ಕಸವೇ, ಶೆಟ್ಟರೇ?"

"ನಿಮ್ಮ ಲವಂಗ ಎಂಟು ದಿನ ಸೋತಿದೆ ಪಂಡಿತರೇ. ಕಸಕ್ಕೆ ಮೂರು ದಿನ ಕೊಡಿ."

ಪಾಳೇಗಾರ ಕೆನ್ನೆಯ ಬಟ್ಟೆ ಸರಿಸಿದ. "ಹಲ್ಲು ಉಳಿದೀತೇನೋ?"

"ಹೋದ ಚೂರು ಹುಟ್ಟೋದಿಲ್ಲ ಬುದ್ಧಿ. ಇರೋದನ್ನ ಉಳಿಸೋಣ."

ದಿನಕ್ಕೊಂದು ಹಿಡಿ ಉಪ್ಪು ಬಿಸಿನೀರಿಗೆ ಹಾಕಿ ಬಾಯಿ ಮುಕ್ಕಳಿಸಿದ್ದಾಯಿತು. ಬೆಚ್ಚಗೆ ಮಾಡಿದ ಅಂಟನ್ನು ತೂತಿಗೆ ಒತ್ತಿದ್ದಾಯಿತು. ಮೊದಲ ದಿನ ನೋವು ಮಂಕಾಯಿತಂತೆ, ಎರಡನೆಯ ದಿನ ಬಾವು ಇಳಿಯಿತಂತೆ, ಮೂರನೆಯ ದಿನ ಒಡೆಯ ಜೋಳದ ರೊಟ್ಟಿ ಅಗಿದನಂತೆ.

"ಏನು ಬೇಕು, ಕೇಳು."

"ನನ್ನ ಹೇರಿಗೆ ಮುದ್ರೆ. ಚಾವಡಿ ಗೋಡೆ ಹಾಗೇ ಇರಲಿ. ಹಲ್ಲಿನ ಅಂಟು ಉದುರಿದರೆ ಆ ಗೋಡೆ ನಿಮಗೇ ಬೇಕಾದೀತು."

ಎತ್ತುಗಳು ಊರು ಸೇರಿದ ಮೇಲೆ ಮಳೆ ಬಿತ್ತಂತೆ. ಹೋದದ್ದು ಮೂರು ಹಿಡಿ ಉಪ್ಪು. ಉಳಿದದ್ದು ಹನ್ನೆರಡು ಹೇರು, ಒಂದು ಹಲ್ಲು, ಒಂದು ಗದ್ದುಗೆ, ಒಂದು ಗೋಡೆ. ಕತೆ ಹೇಳಿದವನಿಗೆ ಒಂದು ವೀಳ್ಯದೆಲೆ. ಅದೂ ನೀವು ಕೊಟ್ಟರೆ.