ಏರಿಯೊಳಗಿನ ಬಿಲ

ಒಂದು ಕೆರೆಯ ಏರಿಯಲ್ಲಿ ಬಿಲ ತೋಡಿಕೊಂಡು ಏಡಿಯೊಂದು ವಾಸವಾಗಿತ್ತು. ಅಲ್ಲಿನ ಜೀವಿಗಳಿಗೆಲ್ಲ ಆ ಕೆರೆಯೇ ಲೋಕ. ಆ ಲೋಕ ಬತ್ತತೊಡಗಿತ್ತು.

"ಸೂರ್ಯ ಕುಡಿಯುತ್ತಿದ್ದಾನೆ," ಎಂದಿತು ಕಪ್ಪೆ.

"ನೆಲಕ್ಕೆ ನಮ್ಮ ಮೇಲೆ ಮುನಿಸು," ಎಂದಿತು ಮೀನು.

"ಏರಿ ಎಲ್ಲೋ ಸೋರುತ್ತಿದೆ. ಎಲ್ಲರ ಬಿಲಗಳನ್ನೂ ನೋಡೋಣ," ಎಂದಿತು ಆಮೆ.

ಏಡಿಗೆ ಯಾರ ಮೇಲೂ ನಂಬಿಕೆಯಿಲ್ಲ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದಲ್ಲ? ಆಮೆ ಚಿಪ್ಪಿನೊಳಗೆ ನೀರು ಬಚ್ಚಿಟ್ಟಿರಬಾರದೇಕೆ?

"ನೋಡುವ ನೆಪದಲ್ಲಿ ನನ್ನ ಮನೆ ಕಿತ್ತುಕೊಳ್ಳುವ ಹುನ್ನಾರ ನಿನ್ನದು. ಮೊದಲು ನಿನ್ನ ಚಿಪ್ಪು ತೋರಿಸು, ಕಳ್ಳ!" ಎಂದು ಅದು ಎಲ್ಲರೆದುರು ಆಮೆಯನ್ನು ಜರಿಯಿತು. ಆಮೇಲೆ, ಯಾರ ಕೈಗೂ ಸಿಗಬಾರದೆಂದು ಬಿಲವನ್ನು ಇನ್ನಷ್ಟು ಆಳಕ್ಕೆ ಕೊರೆಯಿತು.

ಒಳಗಿನ ಮಣ್ಣು ಆಗಲೇ ನೆನೆದು ಸಡಿಲವಾಗಿತ್ತು. ಕೊರೆಯುತ್ತಿದ್ದಂತೆ ಏರಿಯ ಆಚೆ ಬದಿಗೆ ತೂತು ಬಿದ್ದು, ಕೆರೆಯ ನೀರು ಹೊರಗೆ ನುಗ್ಗಿತು. ಏಡಿ ತನ್ನ ಮೈಯನ್ನೇ ತೂತಿಗೆ ಅಡ್ಡ ಒತ್ತಿಕೊಂಡು ಕೂಗಿತು: "ಆಮೆಯಣ್ಣ, ಬೇಗ ಕೆಸರು ತಾ! ಸೋರುತ್ತಿರುವುದು ನನ್ನ ಬಿಲವೇ!"

ಆಮೆ ಬಿಲದ ಬಾಯಿಗೆ ಬಂತು. ಕಪ್ಪೆ ಅದನ್ನು ತಡೆಯಿತು. "ಕಳ್ಳನೆಂದು ಬೈದವನು ಈಗ ಅಣ್ಣ ಎನ್ನುತ್ತಿದ್ದಾನೆ. ಇದರಲ್ಲೇನೋ ಮೋಸವಿದೆ."

"ಇರಬಹುದು," ಎಂದಿತು ಆಮೆ.

ಎರಡೂ ಹೊರಗೆ ಯೋಚಿಸುತ್ತ ನಿಂತವು. ಒಳಗೆ ಏಡಿಯ ಕಾಲುಗಳು ಒಂದೊಂದಾಗಿ ಜಾರತೊಡಗಿದವು.