ದಿನಕ್ಕೊಂದು ತಂಬಿಗೆ

ಹೆಂಡತಿ ಬಾಳವ್ವ ಸತ್ತ ಇಪ್ಪತ್ತನೆಯ ದಿನ ಗದಿಗೆಪ್ಪ ಮನೆಗೆ ಬೀಗ ಹಾಕಿದ. ಹೊಳೆದಂಡೆಯ ಮಠಕ್ಕೆ ಬಂದು ಅಲ್ಲಿಯ ಮುದಿ ಸ್ವಾಮಿಗಳಾದ ಅಜ್ಜಾರ ಕಾಲಿಗೆ ಬಿದ್ದ. ಏಳಲಿಲ್ಲ.

"ಏಳಪ್ಪಾ. ಕಾಲು ಬಾತಾವು. ಅದರ ಮ್ಯಾಲೆ ಭಾರ ಹಾಕಬ್ಯಾಡ" ಎಂದರು ಅಜ್ಜಾರು.

ಗದಿಗೆಪ್ಪ ಎದ್ದು ಕೂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಹಿಡಿದುಕೊಂಡು ಬಂದಿದ್ದ.

"ನನ್ನ ಹೇಂತಿಗೆ ಶುಗರ್ ಇತ್ರಿ. ಆಮ್ಯಾಲೆ ಬಿ.ಪಿ. ಬಂತು. ಎರಡೂ ಕೂಡಿ ಕಿಡ್ನಿ ತಿಂದ್ವು. ಕಡೀಕ ಗುಂಡಿಗಿ. ಶುಗರ್ ಏರಿದ್ರ ಬಾಯಿ ಒಣಗಿ ನೀರು ನೀರು ಅಂತಿದ್ಲು. ಕುಡದ್ರ ಮೈ ಬಾತು ಉಸಿರು ಕಟ್ಟತಿತ್ತು. ದಿನಕ್ಕ ಒಂದ ತಂಬಿಗಿ ಅಂದ್ರು ಡಾಕ್ಟರು. ಹನ್ನೊಂದು ತಿಂಗಳು ಅಷ್ಟ ಕೊಟ್ಟೆ. ಕೈ ಮುಗದು ಬೇಡಿದ್ಲು. ಕೊಡಲಿಲ್ಲ."

"ಹೂಂ."

"ಆದ್ರೂ ಸತ್ಲು. ನಾ ಮಾಡಿದ್ದು ಸರಿಯೋ ತಪ್ಪೋ? ಅಷ್ಟ ಹೇಳ್ರಿ. ಎದ್ದು ಹೋಗ್ತೀನಿ."

ಅಜ್ಜಾರು ಮೂಲೆಯಲ್ಲಿದ್ದ ತಂಬಿಗೆಯ ಕಡೆ ಕೈ ಮಾಡಿದರು.

"ನನಗೂ ಶುಗರ್ ಐತಿ. ಗುಂಡಿಗೀನೂ ಸೋತೈತಿ. ನನಗೂ ದಿನಕ್ಕ ಅದೊಂದ. ನಾಳಿಂದ ನೀನ ಅಳದು ಕೊಡು."

ಗದಿಗೆಪ್ಪ ತಂಬಿಗೆಯನ್ನು ಎತ್ತಿಕೊಂಡ. ಯಾವುದನ್ನು ಬಿಟ್ಟು ಬಂದಿದ್ದನೋ ಅದೇ ಮತ್ತೆ ಕೈಗೆ ಬಂದಿತ್ತು. ಉತ್ತರ ಸಿಗುವ ತನಕ ಇರೋಣ ಎಂದು ಉಳಿದ.

ಕೆಲಸ ಅವನಿಗೆ ಗೊತ್ತಿತ್ತು. ಗುಳಿಗೆಗೆ ಎರಡು ಗುಟುಕು. ಊಟಕ್ಕೆ ನಾಲ್ಕು. ನಡುವೆ ಒದ್ದೆ ಬಟ್ಟೆಯಿಂದ ತುಟಿ ಒರೆಸುವುದು. ಸಾರು ಕುಡಿದರೆ ಅದೂ ಲೆಕ್ಕಕ್ಕೇ.

ಬೇಸಿಗೆ ಏರಿತು. ಯಾರೋ ಭಕ್ತರು ಮಜ್ಜಿಗೆ ತಂದರು. ಗದಿಗೆಪ್ಪ ಕಟ್ಟಿಗೆ ತರಲು ಹೋದಾಗ ಅಜ್ಜಾರು ಕಳ್ಳನ ಹಾಗೆ ಮೂರು ಲೋಟ ಕುಡಿದರು. ಸಂಜೆಗೆ ಎದೆ ಗೊರಗೊರ ಅಂದಿತು. ಮಲಗಿದರೆ ಉಸಿರು ಸಿಗದು. ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಿದ್ದಾಯಿತು. ಎರಡು ದಿನ ಗದಿಗೆಪ್ಪ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ಬೆನ್ನು ಹಿಡಿದುಕೊಂಡಿದ್ದ.

ಮೂರನೆಯ ದಿನ ಮಠದ ನೀರಿನ ಹರವಿ, ಕೊಡ, ಎಲ್ಲವನ್ನೂ ಹೊತ್ತು ಕೊಟ್ಟಿಗೆಯ ಹಿಂದೆ ಇಟ್ಟ.

"ಬಂದವರಿಗೆ ಕುಡಿಯಾಕ ನೀರಿಲ್ಲದ ಮಠ ಮಾಡಿದ್ಯಲ್ಲೋ!"

"ನೀವು ಇದ್ರ ಮಠ ಅಜ್ಜಾರ."

"ಹೌದೌದು. ನನ್ನ ಒಣಗಿಸಿ ಸಂಡಿಗಿ ಮಾಡಿ ಇಟ್ಕೋ."

ಒಂದು ಮಧ್ಯಾಹ್ನ ಬಿಸಿಲಿಗೆ ಹೊಳೆಯ ಕಲ್ಲೆಲ್ಲ ಕಾದಿತ್ತು. ಅಜ್ಜಾರ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

"ಒಂದು ಗುಟುಕು ಕೊಡೋ."

"ಸಂಜೀಕ್ರಿ."

"ಅರ್ಧ ಗುಟುಕು."

"ಇಲ್ರಿ."

"ಮನಶ್ಯಾ ಅದೀಯೋ ಕಲ್ಲೋ?"

"ಆಕೀನೂ ಹಿಂಗ ಅಂತಿದ್ಲು" ಎಂದವನೇ ಗದಿಗೆಪ್ಪ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಬಂದ.

"ಎಲ್ಲಿ ಹೋಗಿದ್ದಿ?"

"ಕೊಟ್ಟಿಗೀಗೆ. ದನ ನೋಡಾಕ."

"ದನ ಮೇಯಾಕ ಹೋಗ್ಯಾವು."

ಗದಿಗೆಪ್ಪ ಒದ್ದೆ ಬಟ್ಟೆ ಹಿಂಡಿ ಅಜ್ಜಾರ ತುಟಿ ಒರೆಸಿದ.

"ನೀರು ಕುಡದು ಬಂದಿ."

"ಹೂಂನ್ರಿ. ನಿಮ್ಮ ಮುಂದ ಹ್ಯಾಂಗ ಕುಡೀಲಿ?"

"ಮನಿಯಾಗ ಎಲ್ಲಿ ಕುಡೀತಿದ್ದಿ?"

"ಮನಿಯಾಗ ನೀರು ಇಡತಿದ್ದಿಲ್ರಿ. ಬಾಜೂ ಮನೀಗೆ ಹೋಗಿ ಕುಡದು ಬರತಿದ್ದೆ. ಆಕೀಗೆ ಕಾಣಬಾರದು ಅಂತ."

"ಆಕೀಗೆ ಗೊತ್ತಿತ್ತೇನು?"

ಗದಿಗೆಪ್ಪ ಹೊಳೆಯ ಕಡೆ ನೋಡಿದ.

"ಒಂದಿನ ನೀರು ಕುಡದು ಒಳಗ ಬಂದೆ. ಮೀಸಿ ಒರಸ್ಕೊಂಡು ಬಾ ಅಂದ್ಲು."

"ಆಮ್ಯಾಲೆ?"

"ಆಮ್ಯಾಲೆ ನೀರು ಕೇಳಲಿಲ್ರಿ. ಏನೂ ಕೇಳಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ಹದಿಮೂರು ದಿನಕ್ಕ ಹೋದ್ಲು."

ಅಜ್ಜಾರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡ ಗದಿಗೆಪ್ಪ.

"ಬಂದ ದಿನ ನೀರು ಕೊಡಲಿಲ್ಲ ಅಂತ ಕೇಳಿದಿ. ಕದ್ದು ಕುಡದದ್ದನ್ನ ಕೇಳಲಿಲ್ಲ" ಎಂದರು ಅಜ್ಜಾರು.

"ಇಲ್ರಿ."

"ಹೋಗು. ಹರವಿ ಒಳಗ ತಾ."

ಗದಿಗೆಪ್ಪ ಹೊತ್ತು ತಂದ. ಹರವಿಯ ಮೈಯೆಲ್ಲ ತಣ್ಣಗೆ ಬೆವರಿತ್ತು.

"ಲೋಟ ತುಂಬು."

ತುಂಬಿದ. ನೀರು ಅಂಚಿಗೆ ಬಂದು ತುಳುಕಿತು. ಅಜ್ಜಾರ ಕಣ್ಣು ಆ ನೀರಿನ ಮೇಲೇ ಇತ್ತು.

"ನಿಮಗ ಕೊಡಾಂಗಿಲ್ರಿ ಅಜ್ಜಾರ. ಸತ್ರೂ ಕೊಡಾಂಗಿಲ್ಲ."

"ನಾ ಎಲ್ಲಿ ಬೇಡಿದೆ? ಇಲ್ಲೇ ನನ್ನ ಮುಂದ ಕುಂತು ಕುಡಿ. ನಾ ನೋಡತೀನಿ."